ವ್ಯಾಸತೀರ್ಥರ ‘ನ್ಯಾಯಾಮೃತ’: ವಸ್ತು, ಗುಣ ಮತ್ತು ವಿಶೇಷ

ಹದಿನಾರನೆಯ ಶತಮಾನದ ವಿಜಯನಗರವನ್ನು ಕುರಿತ ಬರಹಗಳಲ್ಲಿ ದೇವಾಲಯ, ಪೇಟೆ ಮತ್ತು ಸೈನ್ಯಕ್ಕೆ ಸಿಗುವ ಜಾಗದಲ್ಲಿ ಹತ್ತರಲ್ಲೊಂದು ಪಾಲೂ ಅಲ್ಲಿ ನಡೆದ ತತ್ತ್ವಚಿಂತನೆಗೆ ಸಿಕ್ಕಿಲ್ಲ. ಆ ಚಿಂತನೆಯ ಅತ್ಯಂತ ಬಿಗಿಯಾದ ಕೃತಿ ವ್ಯಾಸತೀರ್ಥರ ‘ನ್ಯಾಯಾಮೃತ’. ‘ತಾತ್ಪರ್ಯಚಂದ್ರಿಕಾ’ ಮತ್ತು ‘ತರ್ಕತಾಂಡವ’ಗಳೊಡನೆ ಸೇರಿ ‘ವ್ಯಾಸತ್ರಯ’ ಎನಿಸಿಕೊಂಡಿರುವ ಈ ಗ್ರಂಥದ ಕರ್ತೃ ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಓದಿ, ಕೃಷ್ಣದೇವರಾಯನ ಆಸ್ಥಾನದ ಗೌರವಕ್ಕೆ ಪಾತ್ರರಾಗಿ, 1539ರಲ್ಲಿ ಕಾಲವಾದರು. ಅವರ ಬೃಂದಾವನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿದೆ. ಅವರ ದ್ವೈತ ಪರಂಪರೆಯ ಪ್ರವರ್ತಕ ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರ ಬೃಂದಾವನ ಅದೇ ನಡುಗಡ್ಡೆಯಲ್ಲಿ ನಿಂತಾಗ ವಿಜಯನಗರ ಇನ್ನೂ ಹುಟ್ಟಿರಲಿಲ್ಲ, ಈ ಸೀಮೆ 1327ರಲ್ಲಿ ದೆಹಲಿಯ ಸೇನೆಗೆ ಸೋತ ಕಂಪ್ಲಿಯ ಕಂಪಿಲರಾಯನ ಕೈಯಲ್ಲಿತ್ತು ಎಂಬುದನ್ನು ನೆನೆದರೆ, ರಾಜ್ಯಗಳು ಬಿದ್ದೆದ್ದರೂ ಇಲ್ಲಿ ವಾದದ ಎಳೆ ಕಡಿಯಲಿಲ್ಲವೆಂಬುದು ತಿಳಿಯುತ್ತದೆ.

‘ನ್ಯಾಯಾಮೃತ’ದ ಮೊದಲ ಪರಿಚ್ಛೇದ ಅದ್ವೈತದ ಮಿಥ್ಯಾತ್ವವನ್ನು, ಎಂದರೆ ಜಗತ್ತು ಕಾಣುತ್ತಿದ್ದರೂ ಪರಮಾರ್ಥದಲ್ಲಿ ಸತ್ಯವಲ್ಲವೆಂಬ ಮತವನ್ನು ಪರೀಕ್ಷಿಸುತ್ತದೆ. ಅದ್ವೈತಿಗಳಾದ ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧರ ಗ್ರಂಥಗಳಲ್ಲಿ ಚದುರಿಹೋಗಿದ್ದ ಮಿಥ್ಯಾತ್ವದ ಐದು ಲಕ್ಷಣಗಳನ್ನು (ವ್ಯಾಖ್ಯೆಗಳನ್ನು) ವ್ಯಾಸತೀರ್ಥರು ಒಂದೆಡೆ ಕೂಡಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ತೂಗುತ್ತಾರೆ. ಎದುರಾಳಿಯ ಮತಕ್ಕೆ ಅವನ ಪರಂಪರೆಯೇ ಕೊಡದಿದ್ದ ಕ್ರಮವನ್ನು ಕೊಟ್ಟು ಆಮೇಲೆ ಖಂಡಿಸುವ ಈ ರೀತಿ ಸಾಮಾನ್ಯವಾದುದಲ್ಲ. ಅದ್ವೈತಿ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಉತ್ತರ ಬರೆದಾಗ ವ್ಯಾಸತೀರ್ಥರು ಹಾಕಿದ ಈ ಕ್ರಮವನ್ನೇ ಹಿಡಿದು ನಡೆಯಬೇಕಾಯಿತು, ಅದಕ್ಕೆ ದ್ವೈತಪಕ್ಷದಿಂದ ರಾಮಾಚಾರ್ಯರ ‘ತರಂಗಿಣಿ’, ಮತ್ತೆ ಅದಕ್ಕೆ ಅದ್ವೈತಿ ಬ್ರಹ್ಮಾನಂದರ ಪ್ರತ್ಯುತ್ತರ ಹುಟ್ಟಿದವು. ಅದ್ವೈತವು ತನ್ನ ಕೊನೆಯ ಬಿಗಿಯಾದ ರೂಪವನ್ನು ಪಡೆದದ್ದು ಈ ದ್ವೈತಿಯ ಪ್ರಶ್ನೆಗಳಿಗೆ ಉತ್ತರಿಸುತ್ತ ಎಂದರೆ ಅತಿಶಯವಾಗದು.

ಆದರೆ ಕೃತಿಯ ನಿಜವಾದ ಆಳವಿರುವುದು ಮಿಥ್ಯಾತ್ವದ ಖಂಡನೆಯಲ್ಲಿ ಅಷ್ಟಾಗಿ ಅಲ್ಲ, ಎರಡನೆಯ ಪರಿಚ್ಛೇದದಲ್ಲಿ ಬರುವ ಅಖಂಡಾರ್ಥದ ಚರ್ಚೆಯಲ್ಲಿ. ತೈತ್ತಿರೀಯ ಉಪನಿಷತ್ತು ಬ್ರಹ್ಮವನ್ನು ಸತ್ಯ, ಜ್ಞಾನ, ಅನಂತ ಎಂಬ ಮೂರು ಪದಗಳಿಂದ ಹೇಳುತ್ತದೆ. ಈ ಪದಗಳು ಗುಣಗಳನ್ನು ಹೇಳುವುದಿಲ್ಲ, ಒಂದೇ ಅಖಂಡ ವಸ್ತುವನ್ನು ಸೂಚಿಸುತ್ತವೆ ಎಂಬುದು ಅದ್ವೈತದ ನಿಲುವು. ಹಾಗಿದ್ದರೆ ಒಂದು ಪದ ಸಾಕಾಗಿತ್ತು, ಉಳಿದೆರಡು ಏಕೆ ಎಂಬುದು ವ್ಯಾಸತೀರ್ಥರ ಆಕ್ಷೇಪ. ಒಂದೊಂದು ಪದವೂ ಒಂದೊಂದು ದೋಷವನ್ನು ದೂರಮಾಡುತ್ತದೆ ಎಂದು ಉತ್ತರಿಸಿದರೆ, ಹಾಗೆ ದೂರಮಾಡುವುದಕ್ಕೆ ವಸ್ತುವಿನಲ್ಲೇ ಏನಾದರೂ ಆಧಾರವಿರಬೇಕು. ಇದ್ದರೆ ಗುಣ ಹಿಂದಿನ ಬಾಗಿಲಿನಿಂದ ಒಳಬಂದಂತೆ, ಇಲ್ಲದಿದ್ದರೆ ಪದ ಬರಿದಾದಂತೆ. ದೇವರ ಬಗ್ಗೆ ನಿಷೇಧರೂಪದ ಮಾತು ಮಾತ್ರ ಸಲ್ಲುತ್ತದೆಂದ ಹನ್ನೆರಡನೆಯ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್‌ಗೂ ಇದೇ ಪ್ರಶ್ನೆ ಇಷ್ಟೇ ಗಟ್ಟಿಯಾಗಿ ನಾಟುತ್ತದೆ.

ಗುಣಗಳನ್ನು ಒಪ್ಪಿದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ಗುಣ ದ್ರವ್ಯಕ್ಕಿಂತ ಬೇರೆಯಾದರೆ ಅವೆರಡನ್ನು ಕೂಡಿಸಲು ಒಂದು ಸಂಬಂಧ ಬೇಕು. ನ್ಯಾಯದರ್ಶನದವರಾದ ನೈಯಾಯಿಕರು ಅದನ್ನು ಸಮವಾಯ ಎಂದರು. ಆ ಸಮವಾಯವೂ ಬೇರೆಯ ವಸ್ತುವಾದ್ದರಿಂದ ಅದನ್ನು ಕೂಡಿಸಲು ಮತ್ತೊಂದು, ಅದಕ್ಕೆ ಮಗದೊಂದು ಎಂದು ಕೊನೆಯಿಲ್ಲದ ಸಾಲು ಬೆಳೆಯುತ್ತದೆ, ಇದೇ ಅನವಸ್ಥೆ. ಪ್ಲೇಟೋ ‘ಪಾರ್ಮೆನಿಡೀಸ್’ ಸಂವಾದದಲ್ಲಿ ಇದಕ್ಕೆ ಹತ್ತಿರದ ತೊಡಕನ್ನು ತನ್ನ ಸಿದ್ಧಾಂತದ ಮೇಲೆಯೇ ಹೂಡಿಕೊಂಡಿದ್ದನು, ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಸಮವಾಯದ ಮೇಲೆ ಇದನ್ನೇ ಪ್ರಯೋಗಿಸಿದರು, 1893ರಲ್ಲಿ ಇಂಗ್ಲೆಂಡಿನ ಬ್ರಾಡ್ಲಿ ಸಂಬಂಧವೆಂಬುದೇ ಅಸಂಗತವೆಂದು ತೋರಿಸಲು ಇದನ್ನೇ ಬಳಸಿದನು. ಗುಣವೇ ದ್ರವ್ಯ, ಭೇದವೇ ಇಲ್ಲ ಎಂದು ಬಿಟ್ಟರೆ ಬಟ್ಟೆ ಬಿಳಿದು ಎಂಬ ಮಾತಿಗೂ ಬಟ್ಟೆ ಬಟ್ಟೆಯೇ ಎಂಬ ಮಾತಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಮಾಧ್ವರ ಉತ್ತರ ‘ವಿಶೇಷ’ ಎಂಬ ತತ್ತ್ವ. ವಸ್ತು ಮತ್ತು ಅದರ ಸಹಜ ಗುಣ ಒಂದೇ; ಆದರೂ ಭೇದವಿದ್ದಾಗ ನಡೆಯುವ ವ್ಯವಹಾರವೆಲ್ಲ ಅಲ್ಲಿ ನಡೆಯುವಂತೆ ಮಾಡುವ ಒಂದು ಶಕ್ತಿ ವಸ್ತುವಿನಲ್ಲೇ ಇದೆ, ಅದು ತನ್ನನ್ನೂ ತಾನೇ ನಿರ್ವಹಿಸಿಕೊಳ್ಳುವುದರಿಂದ ಅನವಸ್ಥೆ ಅಲ್ಲಿಗೆ ನಿಲ್ಲುತ್ತದೆ ಎಂಬುದು ಇದರ ತಿರುಳು. ಮಧ್ವಾಚಾರ್ಯರಿಗಿಂತ ಕಿರಿಯನಾದ ಯೂರೋಪಿನ ಡನ್ಸ್ ಸ್ಕಾಟಸ್ (ಮರಣ 1308) ದೇವರ ಜ್ಞಾನ, ಕರುಣೆ ಮೊದಲಾದ ಗುಣಗಳ ವಿಷಯದಲ್ಲಿ ಇದಕ್ಕೆ ತೀರ ಸಮೀಪದ ಮಾತನ್ನು ಹೇಳಿದ್ದಾನೆ: ಅವು ವಸ್ತುತಃ ಒಂದೇ, ಆದರೆ ಅವುಗಳ ಭೇದ ಬುದ್ಧಿ ಕಲ್ಪಿಸಿದ್ದಲ್ಲ, ವಸ್ತುವಿನ ಕಡೆಯಿಂದಲೇ ಬಂದದ್ದು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಾರರು. ನಿರ್ದೋಷ, ಅವಿಭಾಜ್ಯ ಪರತತ್ತ್ವವನ್ನೂ ಅದರ ಬಗ್ಗೆ ಅರ್ಥವುಳ್ಳ ಮಾತನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಹೊರಟವರಿಗೆ ತೆರೆದಿದ್ದ ದಾರಿಗಳು ಬಹಳ ಕಡಿಮೆ ಎಂಬುದೇ ಈ ಸಾಮ್ಯಕ್ಕೆ ಕಾರಣವಾಗಿರಬೇಕು.

ವಿಶೇಷವೆಂಬುದು ಸಮಸ್ಯೆಗೆ ಇಟ್ಟ ಹೆಸರೇ ಹೊರತು ಪರಿಹಾರವಲ್ಲ ಎಂಬ ಆಕ್ಷೇಪ ಹಳೆಯದು, ಹಗುರವಾದುದೂ ಅಲ್ಲ. ಆದರೆ ಅದಕ್ಕೆ ದ್ವೈತಪಕ್ಷ ಕೊಡುವ ಸಮಾಧಾನ ಪ್ರಬಲವಾಗಿದೆ. ತನ್ನನ್ನು ತಾನೇ ನಿರ್ವಹಿಸಿಕೊಳ್ಳುವ ಯಾವುದಾದರೂ ಒಂದನ್ನು ಒಪ್ಪದೆ ಯಾವ ದರ್ಶನವೂ ನಿಲ್ಲುವುದಿಲ್ಲ. ನೈಯಾಯಿಕ ಸಮವಾಯವನ್ನು ಹಾಗೆ ಒಪ್ಪುತ್ತಾನೆ, ಅದ್ವೈತಿ ಸ್ವಪ್ರಕಾಶ ಚೈತನ್ಯವನ್ನು ಹಾಗೆ ಒಪ್ಪುತ್ತಾನೆ. ಎಲ್ಲೋ ಒಂದೆಡೆ ನಿಲ್ಲಲೇಬೇಕಾದರೆ, ಮೂರನೆಯದೊಂದನ್ನು ತಂದಿಟ್ಟು ಅಲ್ಲಿ ನಿಲ್ಲುವುದಕ್ಕಿಂತ ವಸ್ತುವಿನಲ್ಲೇ ನಿಲ್ಲುವುದು ಲಾಘವ, ಎಂದರೆ ಕಲ್ಪನೆಯ ಮಿತವ್ಯಯ.

ಸಮಾಧಾನ ಸಡಿಲವಾಗುವುದು ಬದಲಾಗುವ ಗುಣಗಳ ವಿಷಯದಲ್ಲಿ. ಮಾವಿನಕಾಯಿಯ ಹಸಿರು ಹೋಗಿ ಹಳದಿ ಬಂದರೂ ಹಣ್ಣು ಅದೇ. ವಸ್ತುವಿರುವಷ್ಟು ಕಾಲ ಇರದ ಇಂಥ ಗುಣಕ್ಕೂ ದ್ರವ್ಯಕ್ಕೂ ಭೇದ ಅಭೇದ ಎರಡೂ ಉಂಟು ಎಂದು ದ್ವೈತ ಹೇಳಬೇಕಾಗುತ್ತದೆ, ಅಲ್ಲಿನ ವಿರೋಧ ಕಳೆಯಲೂ ವಿಶೇಷವನ್ನೇ ಕರೆಯಬೇಕಾಗುತ್ತದೆ. ಸತ್ತೂ ಅಲ್ಲ ಅಸತ್ತೂ ಅಲ್ಲ ಎಂಬ ಅದ್ವೈತದ ಮಾತನ್ನು ವಿರೋಧದ ನೆಲೆಯಲ್ಲೇ ಖಂಡಿಸಿದ ಗ್ರಂಥದ ಪರಂಪರೆ ಇಲ್ಲಿ ಎದುರಾಳಿಗೆ ಕೊಡದ ರಿಯಾಯಿತಿಯನ್ನು ತನಗೆ ಕೊಟ್ಟುಕೊಂಡಂತೆ ಕಾಣುತ್ತದೆ.

ವ್ಯಾಸತೀರ್ಥರ ವಾದವನ್ನು ಆಸ್ಥಾನದ ಪೋಷಣೆ ಮತ್ತು ಮಠಗಳ ಪೈಪೋಟಿಯ ಬೆಳಕಿನಲ್ಲಿ ನೋಡುವ ಇತ್ತೀಚಿನ ಇತಿಹಾಸಕಾರರ, ಮುಖ್ಯವಾಗಿ 2016ರಲ್ಲಿ ಗ್ರಂಥ ಪ್ರಕಟಿಸಿದ ವ್ಯಾಲೆರಿ ಸ್ಟೋಕರ್ ಅವರ, ಶೋಧನೆ ಬೆಲೆಯುಳ್ಳದ್ದು. ಆದರೆ ಯಾರು ಏಕೆ ವಾದಿಸಿದರು ಎಂಬುದು ತಿಳಿದ ಮೇಲೂ ವಾದ ಸರಿಯೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದನ್ನು ಕನ್ನಡದಲ್ಲಿ ಕೇಳಿದವರು ವಿರಳ. ಕೃಷ್ಣನ ಅಂಕಿತದಲ್ಲಿ ಕನ್ನಡ ಕೀರ್ತನೆ ರಚಿಸಿದ, ಪುರಂದರದಾಸರಿಗೂ ಕನಕದಾಸರಿಗೂ ಗುರುವೆನಿಸಿದ ವ್ಯಾಸತೀರ್ಥರನ್ನು ನಾಡು ಹಾಡಿನಲ್ಲಿ ಉಳಿಸಿಕೊಂಡಿದೆ. ಅವರ ತರ್ಕವಾದರೋ ನವ್ಯನ್ಯಾಯದ ಪರಿಭಾಷೆಯೊಳಗೆ, ಅದರ ಪ್ರವರ್ತಕ ಗಂಗೇಶನನ್ನು ಓದಿದವರಿಗೆ ಮಾತ್ರ ತೆರೆಯುವಂತೆ, ಮಠದ ಪಾಠಕ್ಕೆ ಸೀಮಿತವಾಗಿದೆ. ಭಕ್ತಿಯಿಂದ ಪಾರಾಯಣವಾಗುವ ಗ್ರಂಥವಾಗಿ ಅಲ್ಲ, ಒಪ್ಪಲೂ ತಿರಸ್ಕರಿಸಲೂ ಅವಕಾಶವಿರುವ ವಾದವಾಗಿ ‘ನ್ಯಾಯಾಮೃತ’ ಕನ್ನಡದ ತರಗತಿಗಳಿಗೆ ಬರಬೇಕಾದ್ದು ಈಗಾಗಲೇ ಬಹಳ ತಡವಾಗಿದೆ.