ದಮ್ಮಿಗೆ ಅಂಕವಿಲ್ಲ

ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಈಗ ಕಬಡ್ಡಿ ಎಂದರೆ ಹೊನಲು ಬೆಳಕಿನ ಪಂದ್ಯ. ಮಣ್ಣಿನ ಅಂಕಣದ ಜಾಗಕ್ಕೆ ಮ್ಯಾಟ್ ಬಂದಿದೆ, ಮೈಕಿನಲ್ಲಿ ವೀಕ್ಷಕ ವಿವರಣೆಯಿದೆ. ತೆಂಗಿನ ತೋಟದ ಹುಡುಗ, ಪೇಟೆಯ ಗ್ಯಾರೇಜಿನ ಹುಡುಗ ಕೈಕೈ ಹಿಡಿದು ಒಂದೇ ತಂಡದಲ್ಲಿ ನಿಲ್ಲುತ್ತಾರೆ. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಗಮನವಿಟ್ಟು ನೋಡಿದರೆ ಒಂದು ಕೊರತೆ ಕಾಣುತ್ತದೆ. ಹೆಚ್ಚಿನ ರೇಡರ್‌ಗಳು ಒಂದೇ ತರಹ ಆಡುತ್ತಿದ್ದಾರೆ.

ಇದಕ್ಕೆ ಕಾರಣ ಹುಡುಗರಲ್ಲ, ಅಂಕದ ಲೆಕ್ಕ. ಹಳ್ಳಿಯ ಆಟದಲ್ಲಿ ದಾಳಿಯ ಗಡಿಯಾರ ಎಂದರೆ ಆಟಗಾರನ ದಮ್ಮು. ಉಸಿರು ಇರುವಷ್ಟು ಹೊತ್ತು ಎದುರಾಳಿಯನ್ನು ಕೆಣಕಬಹುದಿತ್ತು, ದಣಿಸಬಹುದಿತ್ತು. ಇಂದು ದಾಳಿಗೆ 30 ಸೆಕೆಂಡ್. ಎದುರಿಗೆ ಆರೋ ಏಳೋ ಮಂದಿ ಇದ್ದರೆ ಬೋನಸ್ ಗೆರೆ ದಾಟಿ ಕಾಲಿಟ್ಟರೆ ಸಾಕು, ಯಾರನ್ನೂ ಮುಟ್ಟದೆ ಒಂದು ಅಂಕ. ಹಾಗಿರುವಾಗ ಮೂಲೆಯವನನ್ನು ಮುಟ್ಟುವ ಸಾಹಸ ಯಾಕೆ?

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಮನೆಮನೆಗೆ ತಲುಪಿಸಿದ ಇನ್ನೊಂದು ನಿಯಮ 'ಡೂ ಆರ್ ಡೈ'. ಸತತ ಎರಡು ದಾಳಿ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ರೇಡರ್ ಔಟ್. ಮುನ್ನಡೆ ಸಿಕ್ಕ ತಂಡ ಸುಮ್ಮನೆ ಹೊತ್ತು ಕಳೆಯುವ ಚಾಳಿಗೆ ಇದು ಮದ್ದಾಯಿತು ಎಂಬುದನ್ನು ಒಪ್ಪಲೇಬೇಕು. ಆದರೆ ಈಗ ತಂಡಗಳು ಮೊದಲ ಎರಡು ದಾಳಿಗಳನ್ನು ಬೇಕೆಂದೇ ಖಾಲಿ ಬಿಟ್ಟು ಮೂರನೆಯದಕ್ಕೆ ಕಾಯುವುದನ್ನೂ ಕಲಿತಿವೆ.

ಇದು ಕಬಡ್ಡಿಯೊಂದರ ಕತೆಯಲ್ಲ. ಐಸ್ ಮೇಲೆ ನರ್ತಿಸುವ ಫಿಗರ್ ಸ್ಕೇಟಿಂಗ್ ನೋಡಿ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ತೀರ್ಪಿನ ಹಗರಣದ ಬಳಿಕ, 2004ರಲ್ಲಿ ಪ್ರತಿಯೊಂದು ವರಸೆಗೂ ಬೆಲೆ ಕಟ್ಟುವ ಪದ್ಧತಿ ಬಂತು. ಉದ್ದೇಶ ನ್ಯಾಯವೇ. ಆದರೆ ಸುತ್ತುವಾಗ ಭಂಗಿ ಬದಲಿಸಿದಷ್ಟೂ ಲಾಭವೆಂದಾದ ಮೇಲೆ, ಬೆನ್ನು ಬಾಗಿಸಿ ಒಂದೇ ಭಂಗಿಯಲ್ಲಿ ತಿರುಗುವ ಹಳೆಯ ಸೊಬಗು ಹಿಂದೆ ಸರಿಯಿತು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಸೂರ್ಯ ಬೊನಾಲಿ ನಿಷೇಧಿತ ಹಿಂಪಲ್ಟಿ ಹೊಡೆದು ಒಂದೇ ಕಾಲಿನ ಮೇಲೆ ಇಳಿದು ಅಂಕ ಕಳೆದುಕೊಂಡರು. ಆ ನಿಷೇಧ ತೆರವಾದದ್ದು 2024ರಲ್ಲಿ.

ಹಾಗಾದರೆ ನಿಯಮವೇ ಬೇಡವೇ? ಉತ್ತರ ಅರಸೀಕೆರೆಯಿಂದ ದೂರವೇನಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಅಲ್ಲಿ ಕಂಬಕ್ಕೂ ಸೂರಿಗೂ ನಡುವಿನ ಓರೆ ಜಾಗದಲ್ಲೇ ಪ್ರತಿ ಮದನಿಕೆಯೂ ನಿಲ್ಲಬೇಕು. ಇದಕ್ಕಿಂತ ಬಿಗಿಯಾದ ನಿಯಮ ಯಾವುದು? ಆದರೂ ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಒಬ್ಬಳು ವಾದ್ಯ ನುಡಿಸುತ್ತಾಳೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ನಿಯಮ ಅವರಿಗೆ ಜಾಗವನ್ನು ನಿಗದಿ ಮಾಡಿತ್ತು. ಕನ್ನಡಿಗೆ ಇಷ್ಟು ಅಂಕ, ಬಿಲ್ಲಿಗೆ ಇಷ್ಟು ಎಂದು ಹೇಳಿರಲಿಲ್ಲ. ಹಾಗೆ ಹೇಳಿದ್ದರೆ ಎಲ್ಲ ಮದನಿಕೆಯರ ಕೈಯಲ್ಲೂ ಕನ್ನಡಿಯೇ ಇರುತ್ತಿತ್ತೇನೋ.

ಗೆರೆ ಎಳೆಯುವ ನಿಯಮ ಆಟವನ್ನು ಬೆಳೆಸುತ್ತದೆ. ಒಂದು ವರಸೆಗೆ ಸುಲಭದ ಬೆಲೆ ಕಟ್ಟುವ ನಿಯಮ ಉಳಿದ ವರಸೆಗಳನ್ನು ಸೊರಗಿಸುತ್ತದೆ. ಲೀಗಿಗೆ ಟಿವಿಯ ಅನಿವಾರ್ಯತೆಗಳಿರಬಹುದು. ಊರ ಪಂದ್ಯಕ್ಕೆ ಆ ಹಂಗೇಕೆ? ಶಾಲಾ ಮಕ್ಕಳ ಪಂದ್ಯಗಳಲ್ಲಾದರೂ ಬೋನಸ್ ಗೆರೆಯನ್ನು ಕೈಬಿಡಲಿ. ಸಂಘಟಕರು ಟ್ರೋಫಿಯ ಜೊತೆಗೆ, ಪ್ರೇಕ್ಷಕರು ಮೆಚ್ಚಿದ ಒಂದು ದಾಳಿಗೂ ಒಂದು ಹಿಡಿತಕ್ಕೂ ಬಹುಮಾನ ಇಡಲಿ. ಎಳೆಯರು ಮೊದಲು ಮುಟ್ಟುವುದನ್ನು, ಹಿಡಿಯುವುದನ್ನು ಕಲಿಯಲಿ. ಎಣಿಸುವುದನ್ನು ಆಮೇಲೆ ಕಲಿತರಾಯಿತು.