ದುಬಾಯ್ ಪಾದ್ರಿಗಳ ಪತ್ರಗಳೂ ಒಂದು ಬಡ ಸಭೆಯೂ

ಅಬ್ಬೆ ದುಬಾಯ್ ಎಂಬ ಹೆಸರನ್ನು ಕೇಳಿದೊಡನೆ ವಾಚಕರ ಸ್ಮರಣೆಗೆ ಬರುವುದು ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತ ಅವರ ಬೃಹದ್ಗ್ರಂಥವೇ ಹೊರತು ಬೇರೆಯಲ್ಲ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಎರಡು ಸಾವಿರ ಸ್ಟಾರ್ ಪಗೋಡಗಳನ್ನು, ಎಂದರೆ ವರಹಗಳನ್ನು, ಕೊಟ್ಟು ಕೊಂಡುಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಲಂಡನ್ನಿನಲ್ಲಿ ಪ್ರಕಟವಾಯಿತು. ಗ್ರಂಥಕರ್ತರು ತಿದ್ದಿ ಬೆಳೆಸಿದ ಪಾಠವನ್ನನುಸರಿಸಿ 1897ರಲ್ಲಿ ಆಕ್ಸ್‌ಫರ್ಡಿನಿಂದ ಮತ್ತೊಂದು ಭಾಷಾಂತರವು ಬಂದಿತು. ಅಂದಿನಿಂದ ಇಂದಿನವರೆಗೆ ಈ ದೇಶದ ನಡೆನುಡಿಗಳನ್ನು ಕುರಿತು ಬರೆಯಹೊರಟವರೆಲ್ಲರೂ ಅದರ ಮಾತುಗಳನ್ನು ಎತ್ತಿ ಹೇಳುತ್ತಲೇ ಬಂದಿದ್ದಾರೆ. ಆದರೆ 1987ರಲ್ಲಿ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದುಷಿಯು ಪ್ರಕಟಿಸಿದ ಸಂಶೋಧನೆಯಿಂದ ಆ ಗ್ರಂಥದ ಬಹುಭಾಗವು ಹದಿನೆಂಟನೆಯ ಶತಮಾನದ ಜೆಸುಯಿಟ್ ಪಾದ್ರಿಯಾದ ಕೆರ್ದೂ ಎಂಬವರ ಬರವಣಿಗೆಯನ್ನು ಆಧರಿಸಿದುದೆಂದು ಸ್ಪಷ್ಟಪಟ್ಟಿತು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ಸಂಬಂಧವನ್ನು ವಿಲಿಯಂ ಜೋನ್ಸರಿಗಿಂತ ಮೊದಲೇ ಗುರುತಿಸಿ ಬರೆದ ಕೆರ್ದೂ ಪಾದ್ರಿಗಳಿಗೆ ಸಲ್ಲತಕ್ಕ ಕೀರ್ತಿಯು ನೂರೆಪ್ಪತ್ತು ವರ್ಷಗಳ ಕಾಲ ಮತ್ತೊಬ್ಬರ ಹೆಸರಿನಲ್ಲಿ ಸಂದಿತೆಂಬುದು ಖೇದಕರವಾದ ಸಂಗತಿ.

ಹೀಗಿರುವುದರಿಂದ ದುಬಾಯ್ ಪಾದ್ರಿಗಳ ಸ್ವಂತ ಬುದ್ಧಿಯನ್ನೂ ಹೃದಯವನ್ನೂ ಕಾಣಬೇಕೆಂಬುವರು ದೊಡ್ಡ ಗ್ರಂಥವನ್ನು ಬದಿಗಿಟ್ಟು, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಚಿಕ್ಕ ಗ್ರಂಥವೊಂದನ್ನು ಕೈಗೆತ್ತಿಕೊಳ್ಳಬೇಕು. ಅದು ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳ ಸಂಕಲನ. ಹಿಂದೂಗಳನ್ನು ಮತಾಂತರಗೊಳಿಸುವುದು ಅಸಾಧ್ಯವೆಂಬ ಸಿದ್ಧಾಂತವು ಅದರ ಹೆಸರಿನಲ್ಲಿಯೇ ಅಡಕವಾಗಿದೆ. ಮೂವತ್ತು ವರ್ಷ ಧರ್ಮಪ್ರಚಾರ ಮಾಡಿದ ಪಾದ್ರಿಯೇ ತನ್ನ ಕಾರ್ಯವು ಕೈಗೂಡುವಂತಹುದಲ್ಲವೆಂದು ಬರೆದುಕೊಟ್ಟನೆಂಬುದು ಆ ಕಾಲದಲ್ಲಿ ದೊಡ್ಡ ಗದ್ದಲವನ್ನೆಬ್ಬಿಸಿತು. ಅಂದಿನಿಂದ ಆ ಗ್ರಂಥವನ್ನು ಖಂಡನಕ್ಕಾಗಿ ಓದಿದವರೂ ಮಂಡನಕ್ಕಾಗಿ ಓದಿದವರೂ ಉಂಟು. ಅದರ ಪುಟಗಳ ಹಿಂದೆ ನಿಂತಿರುವ ಬಡ ಸಭೆಯ ಕಡೆಗೆ ಕಣ್ಣು ಹಾಯಿಸಿದವರು ಮಾತ್ರ ಕಡಮೆ.

ಆ ಸಭೆಯ ಸ್ಥಿತಿಯನ್ನು ಮೊದಲು ತಿಳಿಯಬೇಕು. ಮೈಸೂರು ಸೀಮೆಯಲ್ಲಿ ಜೆಸುಯಿಟ್ ಪಾದ್ರಿಗಳು ಹದಿನೇಳನೆಯ ಶತಮಾನದ ನಡುಗಾಲದಲ್ಲಿ ಕಾರ್ಯವನ್ನಾರಂಭಿಸಿದ್ದರು. 1773ರಲ್ಲಿ ಪೋಪರು ಆ ಸಂಘವನ್ನೇ ರದ್ದು ಮಾಡಿದರು. ಅದರ ಹೊಣೆಯನ್ನು ಹೊತ್ತ ಫ್ರೆಂಚ್ ಮಿಷನ್ನಿನವರಿಗೆ 1789ರ ಮಹಾಕ್ರಾಂತಿಯಿಂದ ಸ್ವದೇಶದ ದ್ರವ್ಯಸಹಾಯವೂ ಹೊಸ ಪಾದ್ರಿಗಳ ಬರವೂ ನಿಂತುಹೋಯಿತು. ಇತ್ತ ಕನ್ನಡ ಜಿಲ್ಲೆಯ ಕರಾವಳಿಯ ಕ್ರೈಸ್ತರನ್ನು 1784ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣಕ್ಕೆ ಸೆರೆತಂದಿದ್ದನು. 1792ರಲ್ಲಿ ಫ್ರಾನ್ಸನ್ನು ಬಿಟ್ಟುಬಂದಿದ್ದ ದುಬಾಯ್ ಪಾದ್ರಿಗಳು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಚೆದರಿಹೋದ ಈ ಜನರನ್ನು ಕೂಡಿಸುವುದಕ್ಕಾಗಿ ಬಂದರು. ಊರಿನವರಂತೆ ಉಟ್ಟು, ಊರಿನವರಂತೆ ಉಂಡು ಬಾಳಿದರು. ಅವರ ಸಂಚಾರವು ಶ್ರೀರಂಗಪಟ್ಟಣ, ಮೈಸೂರುಗಳಿಂದ ಘಟ್ಟದ ಕೆಳಗೆ ಕೊಯಮತ್ತೂರು ಸೀಮೆಯ ಕರುಮತ್ತಂಪಟ್ಟಿಯವರೆಗೂ ಹಬ್ಬಿದ್ದಿತು. ಈ ಎರಡು ಕೊನೆಗಳ ನಡುವಣ ನೆಲವೇ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯೆಂಬುದನ್ನು ಹಂಗಳದ ಕಡೆಯ ವಾಚಕರು ಗಮನಿಸಬಹುದು. ಪುರೋಹಿತನಿಲ್ಲ, ಹೊರಗಿನ ಹಣವಿಲ್ಲ, ಹಿಂದಣ ಆಶ್ರಯವಿಲ್ಲ, ಮುಂದಣ ದೊರೆತನವು ಯಾರದೆಂಬ ನಿಶ್ಚಯವೂ ಹೊಸದು. ಪತ್ರಗಳನ್ನು ಬರೆದವರು ಇಂತಹ ಸಭೆಯ ನಡುವೆ ಕುಳಿತು ಬರೆದರು.

ಮೀಮಾಂಸಕರು ಗ್ರಂಥತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಹೇಳಿರುವ ಲಿಂಗಗಳಲ್ಲಿ ಅಭ್ಯಾಸವೂ ಒಂದು. ಗ್ರಂಥಕರ್ತನು ಯಾವುದನ್ನು ಮರಳಿ ಮರಳಿ ಹೇಳುವನೋ ಅದರಲ್ಲಿ ಅವನ ಮನಸ್ಸು ನೆಟ್ಟಿದೆಯೆಂದು ಭಾವ. ಈ ಪತ್ರಗಳಲ್ಲಿ ಮರಳಿ ಮರಳಿ ಬರುವುದು ಎಣಿಕೆ. ಇಷ್ಟು ವರ್ಷಗಳಲ್ಲಿ ಇಷ್ಟು ಮಂದಿ, ಅವರಲ್ಲಿ ನಿಜವಾದವರು ಇಷ್ಟು ಕಡಮೆ ಎಂಬ ದುಃಖವು ತಿರುಗಿ ತಿರುಗಿ ಕಾಣಿಸಿಕೊಳ್ಳುತ್ತದೆ. ತಾವು ದೇಶೀಯ ಪಾದ್ರಿಯೊಬ್ಬನ ಸಹಾಯದಿಂದ ಒಟ್ಟು ಇನ್ನೂರಕ್ಕೂ ಮುನ್ನೂರಕ್ಕೂ ನಡುವಣ ಸಂಖ್ಯೆಯ ಜನರನ್ನು ಮಾತ್ರ ಸಭೆಗೆ ಸೇರಿಸಿದ್ದಾಗಿಯೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಊರ ಹೊರಗಿನ ಕೇರಿಯವರು ಅಥವಾ ಭಿಕ್ಷುಕರೆಂದೂ, ಮಿಕ್ಕವರು ಗತಿಯಿಲ್ಲದೆ ಮದುವೆಯ ಸಂಬಂಧಕ್ಕಾಗಿಯೋ ಬೇರೆ ಲಾಭಕ್ಕಾಗಿಯೋ ಬಂದವರೆಂದೂ ಅವರು ಒಪ್ಪಿಕೊಳ್ಳುತ್ತಾರೆ. ಇದರಲ್ಲಿರುವ ಪ್ರಾಮಾಣಿಕತೆಯನ್ನು ಯಾರೂ ಅಲ್ಲಗಳೆಯಲಾರರು. ತನ್ನ ಲೆಕ್ಕದ ಪುಸ್ತಕವನ್ನು ಎದುರಾಳಿಯ ಮುಂದೆ ತೆರೆದಿಡುವವರು ಎಲ್ಲ ಮತಗಳಲ್ಲಿಯೂ ವಿರಳ. (ಸಹಾಯಕನಾದ ಆ ದೇಶೀಯ ಪಾದ್ರಿಗೆ ಆ ವಾಕ್ಯದಲ್ಲಿ ಹೆಸರಿಲ್ಲವೆಂಬುದನ್ನೂ ಹೇಳದೆ ಬಿಡಲಾಗದು.)

ಆದರೆ ಪ್ರಾಮಾಣಿಕತೆ ಬೇರೆ, ಪ್ರಮಾಣ ಬೇರೆ. ಬಂದವರು ಬಡವರು, ಬಡವರು ಅನ್ನಕ್ಕಾಗಿಯೂ ಆಸರೆಗಾಗಿಯೂ ಬಂದರು, ಆದುದರಿಂದ ಅವರ ಭಕ್ತಿಯು ಭಕ್ತಿಯಲ್ಲ ಎಂಬ ಅನುಮಾನದಲ್ಲಿ ಹೇತುವು ವ್ಯಭಿಚರಿಸುತ್ತದೆ. ಅನ್ನಕ್ಕಾಗಿ ಬಂದವನಿಗೆ ಅನ್ನವಲ್ಲದೆ ಮತ್ತೇನೂ ದೊರೆಯಲಿಲ್ಲವೆಂಬುದಕ್ಕೆ ಯಾವ ಸಾಧನವನ್ನೂ ಪತ್ರಗಳು ಒದಗಿಸುವುದಿಲ್ಲ. ವಾರಾನ್ನದ ಮನೆಗಳ ಆಸೆಯಿಂದಲೇ ಪಟ್ಟಣಗಳ ಸಂಸ್ಕೃತ ಪಾಠಶಾಲೆಗಳಿಗೆ ಬಂದು ಸೇರಿದ ಹುಡುಗರೆಷ್ಟು ಮಂದಿ! ಅವರಲ್ಲಿ ಕೆಲವರು ಉಂಡು ಹೊರಟುಹೋದರು. ಕೆಲವರು ಕೌಮುದಿಯನ್ನು ಮುಗಿಸಿ ಕಾವ್ಯಪ್ರಕಾಶಕ್ಕೆ ಕೈಯಿಟ್ಟರು. ಮೊದಲ ದಿನ ಅವರನ್ನು ಬಾಗಿಲಿಗೆ ತಂದುದು ಹಸಿವೇ ಎಂದು ಅವರ ಪಾಂಡಿತ್ಯವನ್ನು ಯಾರೂ ಹುಸಿಯೆನ್ನುವುದಿಲ್ಲ. ಅಗ್ರಹಾರಗಳನ್ನೂ ದೇವಸ್ಥಾನಗಳನ್ನೂ ಇನಾಮು ಭೂಮಿಗಳು ಸಾಕುತ್ತಿದ್ದುವು. 1954, 1955ರ ಮೈಸೂರು ಇನಾಮು ರದ್ದಿಯಾತಿ ಕಾನೂನುಗಳಿಂದ ಆ ಆಧಾರವು ತಪ್ಪಿ, ಎಷ್ಟೋ ಗುಡಿಗಳು ತಸ್ತೀಕಿನ ಅಲ್ಪ ಹಣವನ್ನೇ ನೆಚ್ಚಿ ದೀಪ ಹಚ್ಚಬೇಕಾಯಿತು. ಹಣವು ಹಿಂದೆಗೆದಾಗಲೂ ಬೆಳಗಿನ ಪೂಜೆಯನ್ನು ಬಿಡದವರು ಯಾರೆಂಬುದು ಆಗಲೇ ತಿಳಿದುದು. ಒಂದು ಸಭೆಯ ನಿಜವಾದ ಬಲವನ್ನು ಅಳೆಯುವುದಕ್ಕೆ ಸುಭಿಕ್ಷದ ದಿನಗಳ ತಲೆಯೆಣಿಕೆ ಸಾಲದು. ದುಬಾಯ್ ಪಾದ್ರಿಗಳ ಕೈಯಲ್ಲಿ ದುರ್ಭಿಕ್ಷದ ದಿನಗಳ ಸಾಕ್ಷ್ಯವೇ ಇದ್ದಿತು. ಅದನ್ನು ಅವರು ಎಣಿಕೆಯ ಕೆಳಗೆ ಹೂತುಬಿಟ್ಟರು.

ಹೂತುಹೋಗದೆ ಉಳಿದ ಒಂದು ಸ್ಥಳವಿದೆ. ಗ್ರಂಥದಲ್ಲೆಲ್ಲ ಅತ್ಯುತ್ತಮವಾದ ಪುಟವು ಅದೇ ಎಂದರೆ ತಪ್ಪಾಗದು. ತಪ್ಪಿಹೋದ ಮಗನ ದೃಷ್ಟಾಂತವನ್ನು ವಾಚಕರು ಬಲ್ಲರು: ಆಸ್ತಿಯ ಪಾಲನ್ನು ಹಾಳುಮಾಡಿ ಹಿಂದಿರುಗಿದ ಮಗನಿಗಾಗಿ ತಂದೆಯು ಕೊಬ್ಬಿಸಿದ ಕರುವನ್ನು ಕೊಯ್ಯಿಸಿ ಔತಣವಿಕ್ಕುತ್ತಾನೆ. ದುಬಾಯ್ ಪಾದ್ರಿಗಳು ಸಭೆಯ ಮುಂದೆ ಈ ಕಥೆಯನ್ನು ವಿವರಿಸುತ್ತ ಕರುವಿನ ಮಾತನ್ನೆತ್ತಿದರು. ಕೇಳುವವರ ಮುಖಗಳು ಬಾಡಿದುವು. ಆರಾಧನೆಯು ಮುಗಿದ ಮೇಲೆ ಸಭೆಯವರೇ ಕೆಲವರು ಅವರ ಬಳಿಗೆ ಬಂದು, ಇಂತಹ ಮಾತು ಯುಕ್ತವಲ್ಲವೆಂದೂ, ಮತ್ತೆ ಈ ಕಥೆಯನ್ನು ಹೇಳುವಾಗ ಕರುವಿನ ಬದಲು ಕುರಿಮರಿಯೆಂದು ಹೇಳಬೇಕೆಂದೂ ಸಲಹೆಯಿತ್ತರು.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಕ್ಷೇಮೇಂದ್ರನ ಔಚಿತ್ಯವಿಚಾರವು ನೆನಪಾಗದೆ ಇರದು. ಕಥೆಯ ಪ್ರಾಣವು ಕರುವಿನಲ್ಲಿಲ್ಲ. ಲೆಕ್ಕವಿಡದ ತಂದೆಯ ವಾತ್ಸಲ್ಯದಲ್ಲಿದೆ. ಆ ವಾತ್ಸಲ್ಯವು ಉಕ್ಕಿಬರತಕ್ಕ ಕ್ಷಣದಲ್ಲಿಯೇ ಶ್ರೋತೃವಿಗೆ ಜುಗುಪ್ಸೆ ಹುಟ್ಟಿದರೆ ರಸಭಂಗವಾಗುತ್ತದೆ. ಕುರಿಮರಿಯನ್ನು ತಂದರೆ ಔತಣವು ಉಳಿಯುತ್ತದೆ, ತಂದೆಯೂ ಉಳಿಯುತ್ತಾನೆ. ಇದನ್ನು ಕಂಡವರು ಪಂಡಿತರಲ್ಲ. ಪಾದ್ರಿಗಳ ಲೆಕ್ಕದಲ್ಲಿ ಗತಿಯಿಲ್ಲದವರೆಂದೂ ಲಾಭಕ್ಕಾಗಿ ಬಂದವರೆಂದೂ ಬರೆಯಲ್ಪಟ್ಟ ಗುಂಪಿನಂತಹವರೇ. ಲಾಭಕ್ಕಾಗಿ ಬಂದವನು ಉಪದೇಶವನ್ನು ಇಷ್ಟು ಕಿವಿಗೊಟ್ಟು ಕೇಳುವನೇ? ಕೇಳಿದರೂ ಅದರ ಪದವೊಂದನ್ನು ತಿದ್ದುವ ಕಷ್ಟಕ್ಕೆ ಹೋಗುವನೇ? ಅವರು ಕಥೆಯನ್ನು ಹೇಳಬೇಡಿರೆಂದು ಹೇಳಲಿಲ್ಲ, ಸಭೆಯನ್ನು ಬಿಟ್ಟು ಹೋಗಲಿಲ್ಲ. ಕಥೆಯನ್ನು ತಮ್ಮದಾಗಿ ಮಾಡಿಕೊಳ್ಳುವುದಕ್ಕೆ ಒಂದು ಪದವನ್ನು ಕೇಳಿದರು. ಸಹೃದಯನೆಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯುವುದು ಕಷ್ಟ.

ಪಾದ್ರಿಗಳು ಈ ಘಟನೆಯಿಂದ ತೆಗೆದ ಫಲಿತಾಂಶವೇ ಬೇರೆ. ಯಥಾವತ್ತಾದ ಭಾಷಾಂತರವನ್ನು ಈ ಜನರ ಕೈಗೆ ಕೊಟ್ಟರೆ ಅಸಹ್ಯವುಂಟಾಗುವುದರಿಂದ ಸತ್ಯವೇದವನ್ನು ದೇಶಭಾಷೆಗಳಿಗೆ ತರುವ ಪ್ರಯತ್ನವೇ ವ್ಯರ್ಥವೆಂದು ಅವರ ವಾದವು ಸಾಗುತ್ತದೆ. ಉಪದೇಶಕನಿಗೂ ಭಾಷಾಂತರಕಾರನಿಗೂ ಇರುವ ಭೇದವು ಇಲ್ಲಿ ಮರೆತುಹೋಗಿದೆ. ಹರಿಕಥೆಯ ದಾಸರು ಶ್ರೋತೃಗಳ ಮುಖವನ್ನು ನೋಡಿ ಕಥೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಮೂಲಗ್ರಂಥವನ್ನು ಅಚ್ಚು ಹಾಕಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿಯ ಪರಿಶ್ರಮದಿಂದ ಸಂಪೂರ್ಣವಾದ ಕನ್ನಡ ಸತ್ಯವೇದವು 1831ರಲ್ಲಿ ಮುಗಿಯಿತು. ಮುಂದೆ ಬಳಕೆಗೆ ಬಂದ ಕನ್ನಡ ಪಾಠದಲ್ಲಿಯೂ ಕರುವು ಕರುವಾಗಿಯೇ ನಿಂತಿದೆ. ಆ ಭಾಷೆಯ ಬಿಗಿತವನ್ನು ಪಾದ್ರಿಗನ್ನಡವೆಂದು ಹಾಸ್ಯಮಾಡುವವರುಂಟು. ಹಾಸ್ಯಕ್ಕೆ ಎಡೆಯೂ ಇಲ್ಲದಿಲ್ಲ. ಆದರೂ ಮನೆಮನೆಗಳಲ್ಲಿ ಅದನ್ನು ಓದುತ್ತ ಬಂದವರು ಕರುವನ್ನು ಯೆಹೂದ್ಯ ದೇಶದ ಪದ್ಧತಿಯೆಂದು ತಿಳಿದು, ತಂದೆಯನ್ನು ತಮ್ಮ ತಂದೆಯಂತೆಯೇ ಕಂಡುಕೊಂಡರು. ಓದುವ ಸಭೆಯೂ ಕಲಿಯುವುದೆಂಬ ಸಾಧ್ಯತೆಯನ್ನು ಪತ್ರಕಾರರು ಎಣಿಸಲಿಲ್ಲ.

ಪತ್ರಗಳ ವಾದಕ್ಕೆ ಪತ್ರಕಾರರ ಕೃತಿಯೇ ಉತ್ತರವಾಗಿ ನಿಂತಿರುವುದು ಇನ್ನೂ ವಿಚಿತ್ರ. ಈ ಜನರಿಂದ ಏನೂ ಆಗದೆಂದು ನಿಜವಾಗಿ ನಂಬಿದ್ದವರು ಹಾಸನದ ಬಳಿಯ ಸಾತಹಳ್ಳಿಯಲ್ಲಿ ಗತಿಗೆಟ್ಟ ಕ್ರೈಸ್ತರನ್ನು ಬೇಸಾಯಕ್ಕೆ ನಿಲ್ಲಿಸುತ್ತಿರಲಿಲ್ಲ. ಹೊರಗಿನ ಹುಂಡಿಯು ಬತ್ತಿದಾಗ ಕೈಯೊಡ್ಡುವುದಕ್ಕೆ ಬದಲಾಗಿ ನೇಗಿಲು ಹಿಡಿಸುವುದು, ಚೆದರಿದ ಕುಟುಂಬಗಳನ್ನು ಒಂದು ಊರಾಗಿ ಕೂಡಿಸುವುದು, ಹೀಗೆ ಸಭೆಗೆ ಕಾಲೂರುವ ನೆಲವನ್ನು ಮಾಡಿಕೊಡುವುದು ಎಂತಹ ದೂರದೃಷ್ಟಿಯ ಕಾರ್ಯ! ಸಿಡುಬಿನ ಕಾಲದಲ್ಲಿ ಅವರು ಸ್ವತಃ ನಿಂತು ದೇವಿ ಹಾಕಿಸುವುದನ್ನು ಪ್ರಚಾರಕ್ಕೆ ತಂದರು. 1803-04ರ ಹೊತ್ತಿಗೆ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನರಿಗೆ ದೇವಿ ಹಾಕಿಸಿದ ಲೆಕ್ಕವಿದೆ. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ಪತ್ರಗಳ ಸಿದ್ಧಾಂತವು ಇವುಗಳಲ್ಲಿ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರೆಯುವಾಗ ಅವರ ಕಣ್ಣಮುಂದೆ ಯೂರೋಪಿನ ವಾಚಕರಿದ್ದರು, ದುಡಿಯುವಾಗ ಸಾತಹಳ್ಳಿಯವರಿದ್ದರು. ಮೊದಲನೆಯವರಿಗೆ ಕೊಟ್ಟ ತೀರ್ಪು ಎರಡನೆಯವರಿಗೆ ಒಪ್ಪಿಸಿದ ಹೊಲಗಳೊಡನೆ ಹೊಂದುವುದಿಲ್ಲ. 1823ರಲ್ಲಿ ಅವರು ಈ ದೇಶವನ್ನು ಬಿಟ್ಟು ಪ್ಯಾರಿಸಿಗೆ ಹೋಗಿ, ಅಲ್ಲಿಯ ಮಿಷನ್ ಮಠದ ಅಧಿಕಾರದಲ್ಲಿದ್ದು 1848ರಲ್ಲಿ ತೀರಿಕೊಂಡರು; ಅವರು ಬಿಟ್ಟುಹೋದ ಜನರು ಮಾತ್ರ ತೀರ್ಪನ್ನು ಓದದೆ ಉಳುತ್ತಲೇ ಇದ್ದರು.

ಆ ಸೀಮೆಯಲ್ಲಿಯೇ ಶೆಟ್ಟಿಹಳ್ಳಿಯ ಇಗರ್ಜಿಯನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆಯಾದ ಮೇಲೆ ಹಿನ್ನೀರು ಆ ಊರಿನ ನೆಲವನ್ನು ಆವರಿಸಿ ಒಕ್ಕಲು ಬೇರೆಡೆಗೆ ಹೋಯಿತು. ಮಳೆಗಾಲದಲ್ಲಿ ಕಮಾನುಗಳವರೆಗೆ ನೀರು ನಿಲ್ಲುವ ಆ ಗೋಡೆಗಳನ್ನು ನೋಡುವುದಕ್ಕೆ ಈಗ ಪ್ರವಾಸಿಗಳು ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ಪಾಳು ಗೋಡೆಗಳ ಸೊಬಗನ್ನು ಹೊಗಳುತ್ತಾರೆ. ಕಟ್ಟಡವು ಹೋದರೆ ಸಭೆಯೂ ಹೋಯಿತೆಂದು ತಿಳಿಯುವುದು, ಎಣಿಕೆ ಕಡಮೆಯಾದರೆ ಭಕ್ತಿಯೂ ಕಡಮೆಯೆಂದು ತಿಳಿದ ಹಳೆಯ ತರ್ಕದ ತಮ್ಮನೇ ಸರಿ. ಸಾತಹಳ್ಳಿಯಲ್ಲಿ ಇಂದಿಗೂ ಕ್ರೈಸ್ತ ಬೇಸಾಯಗಾರರಿದ್ದಾರೆ. ಹಾಸನ ಜಿಲ್ಲೆಯ ಈ ಸಭೆಗಳು 1963ರಿಂದ ಚಿಕ್ಕಮಗಳೂರಿನ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿವೆ.

ಪತ್ರಗಳಿಗೆ 1824ರಲ್ಲಿಯೇ ಇಬ್ಬರು ಉತ್ತರ ಬರೆದರು. ಒಬ್ಬರು ಬಂಗಾಳದಲ್ಲಿದ್ದ ಟೌನ್ಲಿ, ಮತ್ತೊಬ್ಬರು ಮದರಾಸು ಸೀಮೆಯ ಜೇಮ್ಸ್ ಹೌ. ಹಂಗಳದಿಂದ ಬಂಡೀಪುರದ ಕಾಡನ್ನು ದಾಟಿದರೆ ಸಿಕ್ಕುವ ನೀಲಗಿರಿಯನ್ನು ಕುರಿತು 1829ರಲ್ಲಿ ಪುಸ್ತಕವನ್ನು ಪ್ರಕಟಿಸಿದವರೂ ಇದೇ ಹೌ ಪಾದ್ರಿಗಳು. ಇಬ್ಬರ ಉತ್ತರಗಳಲ್ಲಿಯೂ ಉತ್ಸಾಹವು ಹೆಚ್ಚು. ದುಬಾಯ್ ಪಾದ್ರಿಗಳಲ್ಲಿರುವ ಅನುಭವದ ಭಾರವು ಕಡಮೆ. ಅಂಕಿಗಳಿಗೆ ಅಂಕಿಗಳನ್ನು ಎದುರಿಟ್ಟು ವಾದಿಸಿರುವುದರಿಂದ ಅವರೂ ಆ ಎಣಿಕೆಯ ಬಲೆಯೊಳಗೇ ಸಿಕ್ಕಿಬಿದ್ದಿದ್ದಾರೆ. ಕರುವಿನ ಪ್ರಸಂಗದಲ್ಲಿ ಸಭೆಯವರು ತೋರಿದ ವಿವೇಕವೇ ಪತ್ರಕಾರರಿಗೆ ತಕ್ಕ ಉತ್ತರವಾಗಬಹುದಿತ್ತು.

ಈ ಪತ್ರಗಳನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಯಾವುದಾದರೊಂದು ಪರಿಷತ್ತಾಗಲಿ ವಿಶ್ವವಿದ್ಯಾನಿಲಯವಾಗಲಿ ಕೈಗೊಳ್ಳುವುದು ಉಚಿತ. ಆಗ ಪತ್ರಗಳ ಕಟುವಾಕ್ಯಗಳನ್ನು ಮೆದುಮಾಡಬಾರದು. ಟೌನ್ಲಿ, ಹೌ ಇವರ ಉತ್ತರಗಳ ಸಾರವನ್ನು ಅನುಬಂಧದಲ್ಲಿ ಸೇರಿಸಬೇಕು. ಸಾತಹಳ್ಳಿಯ ವೃತ್ತಾಂತವನ್ನು ಅಲ್ಲಿಯ ಹಿರಿಯರ ಬಾಯಿಂದ ಕೇಳಿ ಬರೆದು ಪೀಠಿಕೆಯಲ್ಲಿ ಇಡಬೇಕು. ಕೊಬ್ಬಿಸಿದ ಕರುವಿನ ಪುಟವನ್ನು ಭಾಷಾಂತರಿಸುವವರು ಮಾತ್ರ ಕರುವನ್ನು ಕುರಿಮರಿಯಾಗಿ ಮಾಡದಂತೆ ಎಚ್ಚರಿಕೆಯಿಂದಿರತಕ್ಕದ್ದು.