ನಾಲ್ಕು ಕಂಠಗಳ ಹೆಣಿಗೆ

ಹದಿಹರೆಯದಲ್ಲಿ ರಾಕ್ ತಂಡಗಳಾದ ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್‌ಗಳನ್ನು ಕೇಳಿ ಇನ್ನೂ ಹಸಿವು ತಣಿಯದ ನನ್ನಂಥವರಿಗೆ ಸಿಕ್ಕ ಹಬ್ಬ ಜೆಂಟಲ್ ಜೈಂಟ್. ಮೂವರು ಶುಲ್ಮನ್ ಸಹೋದರರು 1970ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ತಂಡ, 1980ರಲ್ಲಿ ಮುಗಿಯಿತು. ಆ ದೊಡ್ಡ ಹೆಸರುಗಳಿಗೆ ಸಿಕ್ಕ ಖ್ಯಾತಿ ಇದಕ್ಕೆ ಸಿಗಲೇ ಇಲ್ಲ.

1975ರ ‘ಫ್ರೀ ಹ್ಯಾಂಡ್’ ಆಲ್ಬಮ್ಮಿನ ‘ಆನ್ ರಿಫ್ಲೆಕ್ಷನ್’ ಕೇಳಬೇಕು. ವಾದ್ಯದ ಆಸರೆಯಿಲ್ಲದೆ ಒಂದು ಕಂಠ ಶುರುಮಾಡುತ್ತದೆ. ಅದು ಹಾಡುತ್ತಿರುವಾಗಲೇ ಎರಡನೆಯದು, ಮೂರನೆಯದು, ನಾಲ್ಕನೆಯದು ಬಂದು ಸೇರುತ್ತವೆ. ಒಂದರಡಿ ಇನ್ನೊಂದು ಹೂತುಹೋಗುವುದಿಲ್ಲ. ಒಂದೇ ಧಾಟಿಯನ್ನು ಕಂಠಗಳು ಒಂದರ ಹಿಂದೊಂದು ಎತ್ತಿಕೊಳ್ಳುವ, ಸಂಗೀತರಚನಕಾರ ಬಾಕ್ ಪಳಗಿಸಿದ ಫ್ಯೂಗ್‌ನ ಕಟ್ಟು ಇದು! ಆಮೇಲೆ ಅದೇ ಸಾಲುಗಳನ್ನು ವಾದ್ಯಗಳು ಎತ್ತಿಕೊಳ್ಳುತ್ತವೆ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಂಗೀತರಚನೆ ಕಲಿತ, ತಂಡದ ಕೀಬೋರ್ಡ್ ವಾದಕ ಕೆರಿ ಮಿನಿಯರ್ ಅವರ ಕೈಚಳಕ ಇಲ್ಲಿ ಎದ್ದು ಕಾಣುತ್ತದೆ.

ವೇದಿಕೆಯಲ್ಲಿ ಈ ಹಾಡಿನ ಕ್ರಮವನ್ನೇ ತಿರುವಿಹಾಕುತ್ತಿದ್ದರು: ಮೊದಲು ರೆಕಾರ್ಡರ್, ಪಿಟೀಲು, ಚೆಲ್ಲೊ, ವೈಬ್ರಫೋನ್, ಕಂಠಗಳು ಆಮೇಲೆ. ಬಾಸ್ ಗಿಟಾರ್ ಕೆಳಗಿಟ್ಟು ರೇ ಶುಲ್ಮನ್ ಪಿಟೀಲು ಹಿಡಿಯುತ್ತಿದ್ದರು, ಕೀಬೋರ್ಡ್ ಬಿಟ್ಟ ಮಿನಿಯರ್ ಚೆಲ್ಲೊ. ಎಂಥ ಕಲಾವಿದರು!

ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ತೀರಾ ಕೆಳಗಿನ ಕಂಠವನ್ನಷ್ಟೇ ಹಿಂಬಾಲಿಸಿ ನೋಡಿ. ಹಾಡೇ ಬೇರೆಯಾಗಿ ಕೇಳುತ್ತದೆ.